ಹದಿನಾರಿನ ಬಂಡೆ, ಊಟ್ಟತ್ತೂರಿನ ಎಲುಬು

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ನಡುವಿನ ಹದಿನಾರು ಎಂದರೆ ಮೈಸೂರು ಸೀಮೆಯವರಿಗೆ ಮೊದಲು ನೆನಪಾಗುವುದು ಒಡೆಯರ ಮನೆತನದ ಮೂಲಕಥೆ. 1399ರಲ್ಲಿ ಯದುರಾಯ, ಕೃಷ್ಣರಾಯರೆಂಬ ಸೋದರರು ಇಲ್ಲಿಗೆ ಬಂದು, ಕಾರುಗಹಳ್ಳಿಯ ಮಾರನಾಯಕನ ಕಾಟದಿಂದ ಅರಸುಮಗಳನ್ನು ಪಾರುಮಾಡಿದರೆಂಬ ಐತಿಹ್ಯದಿಂದಲೇ ಈ ನೆಲದ ಇತಿಹಾಸವನ್ನು ಹೇಳತೊಡಗುವುದು ವಾಡಿಕೆ. ಸ್ವಲ್ಪ ಓದಿಕೊಂಡವರು ಇನ್ನೂ ಹಿಂದಕ್ಕೆ ಹೋಗುತ್ತಾರೆ: 1960ರ ಆಸುಪಾಸಿನಲ್ಲಿ ಪುರಾತತ್ವಜ್ಞ ಎಂ. ಶೇಷಾದ್ರಿ ಅವರು ನರಸೀಪುರದಲ್ಲಿ ಅಗೆಸಿದಾಗ ನವಶಿಲಾಯುಗದ ಮನುಷ್ಯರ ಅಸ್ಥಿಗಳು ಸಿಕ್ಕಿದ್ದವು. ಅದಕ್ಕೂ ಹಿಂದೆ ಏನಿತ್ತು ಎಂದು ಕೇಳಿದರೆ ಬಂಡೆ ತೋರಿಸುತ್ತೇವೆ. ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಕೆಲವು ಸಾವಿರ ವರ್ಷದ ಅಸ್ಥಿಗೂ 300 ಕೋಟಿ ವರ್ಷದ ಬಂಡೆಗೂ ನಡುವೆ ಇರುವ ಅಗಾಧ ಕಾಲದ ಬಗ್ಗೆ ಈ ಸೀಮೆಯಲ್ಲಿ ಕುರುಹೇ ಇಲ್ಲವೆಂದು ನಾವು ಸುಮ್ಮನಾಗಿಬಿಟ್ಟಿದ್ದೇವೆ. ನನ್ನ ವಾದ ಬೇರೆ. ಕುರುಹು ಇದೆ, ಇಲ್ಲಿಲ್ಲ, ಅಷ್ಟೆ. ಅದು ಕಾವೇರಿ ಹರಿಯುವ ದಿಕ್ಕಿನಲ್ಲಿ, ಸುಮಾರು 250 ಕಿಲೋಮೀಟರ್ ಆಚೆ, ತಮಿಳುನಾಡಿನ ಪೆರಂಬಲೂರು–ಅರಿಯಲೂರು ಕಡೆಯ ಜೇಡಿಯಲ್ಲಿ, ಒಂದು ಕಡಲ ಸರೀಸೃಪದ ಬೆನ್ನುಮೂಳೆಗಳ ಜೊತೆಗೆ ಹೂತುಕೊಂಡಿದೆ.

ಆ ಪ್ರಾಣಿಯ ವಂಶಕ್ಕೆ ಇಕ್ತಿಯೋಸಾರ್ ಎಂದು ಹೆಸರು. ಡೈನೋಸಾರ್‌ಗಳ ಚಿತ್ರಪಟದಲ್ಲೇ ಇದನ್ನೂ ಬಿಡಿಸುವುದರಿಂದ ಡೈನೋಸಾರ್ ಎಂದೇ ಹಲವರು ತಿಳಿದಿದ್ದಾರೆ. ಅದು ಡೈನೋಸಾರ್ ಅಲ್ಲ. ಸುಮಾರು 25 ಕೋಟಿ ವರ್ಷಗಳ ಹಿಂದೆ ನೆಲದ ಸರೀಸೃಪಗಳ ಒಂದು ಕವಲು ಕಡಲಿಗೆ ಇಳಿದು, ಕಾಲುಗಳು ಹುಟ್ಟುಗಳಾಗಿ, ಬಾಲ ಮೀನಿನದಾಗಿ, ನೋಡಲು ಇಂದಿನ ಡಾಲ್ಫಿನ್‌ನಂತೆ ಆಯಿತು. ಉಸಿರಿಗೆ ಮಾತ್ರ ನೀರಿನ ಮೇಲೆ ಬರಲೇಬೇಕಿತ್ತು. ದಡಕ್ಕೆ ಬಂದು ಮೊಟ್ಟೆಯಿಡುವ ಹಂಗನ್ನೂ ಬಿಟ್ಟು ನೀರಿನಲ್ಲೇ ಮರಿ ಹಾಕುತ್ತಿತ್ತು. ಹೊಟ್ಟೆಯೊಳಗೆ ಮರಿಗಳಿರುವ ಪಳೆಯುಳಿಕೆಗಳೇ ಇದಕ್ಕೆ ಸಾಕ್ಷಿ. 1811–12ರಲ್ಲಿ ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲತಡಿಯಲ್ಲಿ ಮೇರಿ ಆನಿಂಗ್ ಎಂಬ ಹುಡುಗಿ ಮತ್ತವಳ ಅಣ್ಣ ಜೋಸೆಫ್ ಇಂಥ ಒಂದು ಅಸ್ಥಿಪಂಜರವನ್ನು ಬಂಡೆಯಿಂದ ಬಿಡಿಸಿದ ಮೇಲೆ ವಿದ್ವಾಂಸರ ಗಮನ ಇದರತ್ತ ಹರಿಯಿತು. ಸುಮಾರು 9.4 ಕೋಟಿ ವರ್ಷಗಳ ಹಿಂದೆ ಈ ವಂಶ ಪೂರ್ತಿ ಅಳಿಯಿತು. ಡೈನೋಸಾರ್‌ಗಳು ಅಳಿದದ್ದು ಅದಾಗಿ ಸುಮಾರು 2.8 ಕೋಟಿ ವರ್ಷಗಳ ಮೇಲೆ. ಎರಡನ್ನೂ ಒಂದೇ ಉಲ್ಕೆಯ ತಲೆಗೆ ಕಟ್ಟುವಂತಿಲ್ಲ.

ದಕ್ಷಿಣ ಭಾರತದಲ್ಲಿ ಇದರ ಸುಳಿವು ಸಿಕ್ಕ ಬಗೆ ನೇರವಾದದ್ದಲ್ಲ. 1840ರ ಹೊತ್ತಿಗೆ ಸಿ.ಟಿ. ಕೇ ಮತ್ತು ಬ್ರೂಕ್ ಕನ್ಲಿಫ್ ಎಂಬ ಇಬ್ಬರು ಪಾಂಡಿಚೇರಿ, ವೃದ್ಧಾಚಲಂ, ತಿರುಚಿರಾಪಳ್ಳಿ ಭಾಗದಲ್ಲಿ ಕಲ್ಲಾದ ಚಿಪ್ಪುಗಳನ್ನು ಕೂಡಿಸಿ ಲಂಡನ್ನಿಗೆ ಕಳಿಸಿದರು. ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ಅವನ್ನು ವರ್ಣಿಸಿ ಕ್ರಿಟೇಷಿಯಸ್ ಕಾಲದವೆಂದು ಗುರುತಿಸಿದ. ಆಮೇಲೆ ಜಿಯಾಲಾಜಿಕಲ್ ಸರ್ವೆಯ ಹೆನ್ರಿ ಬ್ಲಾನ್‌ಫರ್ಡ್ ಆ ಪ್ರದೇಶವನ್ನು ಸುತ್ತಿ, 1862ರ ವರದಿಯಲ್ಲಿ ಪದರುಗಳನ್ನು ಮೂರು ಗುಂಪು ಮಾಡಿದ: ತಳದಲ್ಲಿ ಊಟ್ಟತ್ತೂರು, ನಡುವೆ ತಿರುಚಿರಾಪಳ್ಳಿ, ಮೇಲೆ ಅರಿಯಲೂರು. ಆ ವಿಂಗಡಣೆ ಇವತ್ತಿಗೂ ಬಳಕೆಯಲ್ಲಿದೆ. ಈ ತಳದ ಗುಂಪಿನ ಕೆಲವು ಬೆನ್ನುಮೂಳೆಗಳನ್ನು ಆಧರಿಸಿ 1879ರಲ್ಲಿ ರಿಚರ್ಡ್ ಲಿಡೆಕ್ಕರ್ 'ಇಕ್ತಿಯೋಸಾರಸ್ ಇಂಡಿಕಸ್' ಎಂಬ ಹೊಸ ಪ್ರಭೇದವನ್ನು ಘೋಷಿಸಿದ. ಇಕ್ತಿಯೋಸಾರ್‌ನ ಬೆನ್ನುಮೂಳೆ ಎರಡೂ ಮುಖ ಆಳವಾಗಿ ತಗ್ಗಾದ ದುಂಡು ಬಿಲ್ಲೆ. ಒಂದೇ ಒಂದು ಸಿಕ್ಕರೂ ಇದು ಇಕ್ತಿಯೋಸಾರ್ ಎಂದು ಹೇಳಬಹುದು. ಆದರೆ ಯಾವ ಇಕ್ತಿಯೋಸಾರ್ ಎಂದು ಹೇಳಲು ತಲೆಬುರುಡೆ ಬೇಕು, ಹುಟ್ಟುಗಾಲಿನ ಎಲುಬು ಬೇಕು. ಹೀಗಾಗಿ ಲಿಡೆಕ್ಕರನ ಪ್ರಭೇದವನ್ನು ಮುಂದಿನವರು, ಆಸ್ಟ್ರೇಲಿಯಾದಿಂದ ಯುರೋಪಿನವರೆಗೆ ಹರಡಿದ್ದ, ಏಳು ಮೀಟರ್‌ವರೆಗೂ ಬೆಳೆಯುತ್ತಿದ್ದ 'ಪ್ಲಾಟಿಪ್ಟೆರಿಜಿಯಸ್' ಕುಲಕ್ಕೆ ಸಾಗಹಾಕಿದರು. ಅವರ ನಂತರದವರು ಅಷ್ಟು ಆಧಾರದ ಮೇಲೆ ಪ್ರಭೇದವೇ ನಿಲ್ಲದು ಎಂದು ಸಂದೇಹದ ಪಟ್ಟಿಗೆ ತಳ್ಳಿದರು. ಹೆಸರು ಬಿದ್ದುಹೋದರೂ ಪ್ರಾಣಿ ಬೀಳಲಿಲ್ಲ. ಅದೇ ಪ್ರದೇಶದ ಕಾರೈ ಜೇಡಿಯಲ್ಲಿ ಈ ಶತಮಾನದಲ್ಲಿ ಕೆಲಸ ಮಾಡಿದ ತಂಡಗಳಿಗೆ ಶಾರ್ಕ್ ಹಲ್ಲುಗಳ ಜೊತೆ ಇಕ್ತಿಯೋಸಾರ್ ಹಲ್ಲುಗಳೂ ಸಿಕ್ಕಿವೆ. ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಅಲ್ಲಿನ ಕಡಲಲ್ಲಿ ಅವು ಈಜುತ್ತಿದ್ದವು ಎನ್ನುವುದರಲ್ಲಿ ಈಗ ವಿವಾದವಿಲ್ಲ.

ಹಾಗಾದರೆ ಹದಿನಾರಿನಲ್ಲಿ ಬಾವಿ ತೋಡಿದರೆ ಇಂಥದ್ದೇಕೆ ಸಿಗದು? ಇಲ್ಲಿಯ ಅಡಿಗಲ್ಲು ನೈಸ್ ಶಿಲೆ. ಅದರ ನಡುವೆ ಸರಗೂರು ಗುಂಪಿನ ಇನ್ನೂ ಹಳೆಯ ಕಲ್ಲುಗಳ ತುಣುಕುಗಳು; ಸಿಂಧುವಳ್ಳಿಯ ಕ್ರೋಮೈಟ್, ದೊಡ್ಡಕಾನ್ಯದ ಮ್ಯಾಗ್ನೆಸೈಟ್ ಗಣಿಗಳಿಗೆ ಆಧಾರವಾದ ಕಲ್ಲುಗಳು ಈ ಬಗೆಯವು. ಇವೆಲ್ಲ ನೆಲದಾಳದಲ್ಲಿ, ಹಲವು ಕಿಲೋಮೀಟರ್ ಕೆಳಗೆ, ನೂರಾರು ಡಿಗ್ರಿ ಕಾವಿನಲ್ಲಿ ಬೆಂದವು. ಅವು ರೂಪುಗೊಂಡಾಗ ಭೂಮಿಯ ಮೇಲೆ ಸೂಕ್ಷ್ಮಜೀವಿ ಬಿಟ್ಟರೆ ಮತ್ತೇನೂ ಇರಲಿಲ್ಲ. ಎಲುಬು ಎಂಬ ವಸ್ತುವೇ ಹುಟ್ಟಿರಲಿಲ್ಲ. ಕುತೂಹಲದ ಸಂಗತಿಯೆಂದರೆ, ಈ ಎರಡೂ ಬಗೆಯ ಸೀಮೆಯಲ್ಲಿ ನಡೆದಾಡಿದ ಒಬ್ಬ ಭೂವಿಜ್ಞಾನಿ ಇದ್ದ. ರಾಬರ್ಟ್ ಬ್ರೂಸ್ ಫೂಟ್ 1858ರಲ್ಲಿ ಸರ್ವೆಗೆ ಸೇರಿ, ವಿಲಿಯಂ ಕಿಂಗ್ ಜೊತೆ ತಿರುಚಿರಾಪಳ್ಳಿ, ಸೇಲಂ, ದಕ್ಷಿಣ ಆರ್ಕಾಟು ಜಿಲ್ಲೆಗಳ ಭೂರಚನೆಯ ವರದಿ ಬರೆದ. ಮೂರು ದಶಕಗಳ ಮೇಲೆ, 1894ರಲ್ಲಿ, ಮೈಸೂರು ಸಂಸ್ಥಾನದ ಹೊಸ ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥನಾಗಿ ಬಂದ. ಪಳೆಯುಳಿಕೆಯ ಜಿಲ್ಲೆಯಿಂದ ಚಿನ್ನ, ಕಬ್ಬಿಣದ ಸಂಸ್ಥಾನಕ್ಕೆ. ಅಲ್ಲಿಂದೀಚೆಗೆ ನಮ್ಮಲ್ಲಿ ಭೂವಿಜ್ಞಾನ ಎಂದರೆ ಅದಿರು ಹುಡುಕುವ ವಿದ್ಯೆ ಎಂಬ ಭಾವನೆ ಬೇರೂರಿತು. ಎಲುಬಿಲ್ಲದ ಕಲ್ಲಿಗೆ ಕಥೆಯೂ ಇಲ್ಲ ಎಂಬ ಸದರ ಹುಟ್ಟಿದ್ದು ಇದರಿಂದಲೇ ಎಂದು ನನ್ನ ಅನುಮಾನ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಕ್ರಿಟೇಷಿಯಸ್ ಕಡಲು ಮೈಸೂರಿನವರೆಗೂ ಹಬ್ಬಿತ್ತು, ಅದರ ಪದರುಗಳೆಲ್ಲ ಆಮೇಲೆ ಸವೆದುಹೋದವು ಎಂದು ಏಕೆ ಹೇಳಬಾರದು? ಪಡುವಣದ ನೆಲ ಸವೆದು ಹೋದ ಕೆಸರೇ ಆ ಎಲುಬುಗಳನ್ನು ಮುಚ್ಚಿ ಉಳಿಸಿತು ಎಂದು ಸವೆತದ ಮೇಲೆಯೇ ವಾದ ಕಟ್ಟುತ್ತಿರುವ ನಾನು ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉತ್ತರ ಊಟ್ಟತ್ತೂರು ಪದರುಗಳ ಪಡುವಣ ಅಂಚಿನಲ್ಲಿದೆ. ಅಲ್ಲಿ ಕಡಲ ಕಲ್ಲುಗಳು ಬರಿಯ ನೈಸ್ ಬಂಡೆಯ ಮೇಲೆ ಕೂತಿವೆ. ಕಲ್ಲಕ್ಕುಡಿಯ ಬಳಿ ಹವಳದ ಸುಣ್ಣಕಲ್ಲಿದೆ. ಬಂಡೆ ಕಟ್ಟುವ ಹವಳ ಬೆಳೆಯುವುದು ಬೆಳಕು ತಲುಪುವ ಆಳವಿಲ್ಲದ ನೀರಿನಲ್ಲಿ. ತೇರಣಿಯ ಜೇಡಿಯಲ್ಲಿ ನೆಲದ ಗಿಡಗಳ ಎಲೆಯಚ್ಚುಗಳಿವೆ. ಸಾತನೂರಿನಲ್ಲಿ 18 ಮೀಟರ್ ಉದ್ದದ ಮರದ ಕಾಂಡವೊಂದು ಕಲ್ಲಾಗಿ ಮಲಗಿದೆ; 1940ರಲ್ಲಿ ಎಂ.ಎಸ್. ಕೃಷ್ಣನ್ ಅದನ್ನು ಬೆಳಕಿಗೆ ತಂದರು, ಈಗ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಷ್ಟು ದೊಡ್ಡ ಮರ ಕಡಲ ಕೆಸರಿಗೆ ಬಂದು ಬಿದ್ದಿದ್ದರೆ ಕಾಡು ಬಹಳ ದೂರದಲ್ಲಿರಲಿಲ್ಲ, ಅದನ್ನು ಹೊತ್ತು ತರುವ ಹೊಳೆಯೂ ಇತ್ತು. ದಡ ಅಲ್ಲಿಯೇ ಇತ್ತೆನ್ನಲು ಇಷ್ಟು ಸಾಲದೇ? ಆಗ ದಡದಿಂದ ಪಶ್ಚಿಮಕ್ಕಿದ್ದದ್ದು ಕಡಲಲ್ಲ, ನೆಲ. ನಮ್ಮ ಪ್ರಸ್ಥಭೂಮಿ ಸೇರಿದ್ದು ಆ ನೆಲಕ್ಕೆ.

ಆ ಕಾಲದ ಭೂಪಟವೂ ಇದನ್ನೇ ಹೇಳುತ್ತದೆ. ಹತ್ತು ಕೋಟಿ ವರ್ಷಗಳ ಹಿಂದೆ ಕರಾವಳಿ ಕರ್ನಾಟಕ ಕರಾವಳಿಯೇ ಆಗಿರಲಿಲ್ಲ. ಅದರ ಪಕ್ಕಕ್ಕೆ ಮಡಗಾಸ್ಕರ್ ಅಂಟಿಕೊಂಡಿತ್ತು. ಆ ಬೆಸುಗೆ ಬಿಟ್ಟದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಆಗ ಉಕ್ಕಿದ ಲಾವಾ ಆರಿ ನಿಂತ ಕಂಬಗಳನ್ನು ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿ ದ್ವೀಪಕ್ಕೆ ಹೋದವರೆಲ್ಲ ನೋಡಿರುತ್ತಾರೆ. ಪೂರ್ವದಲ್ಲಿ ಮಾತ್ರ ಅಂಟಾರ್ಕ್ಟಿಕಾ ಆಗಲೇ ದೂರ ಸರಿಯುತ್ತಿತ್ತು. ಆ ಬಿರುಕಿನಲ್ಲಿ ಕುಸಿದ ತಗ್ಗಿಗೆ ಕಡಲು ನುಗ್ಗಿತ್ತು. ಭೂವಿಜ್ಞಾನಿಗಳು ಇದನ್ನು ಕಾವೇರಿ ಬೇಸಿನ್ ಎಂದೇ ಕರೆಯುತ್ತಾರೆ. ಓಎನ್‌ಜಿಸಿ ತೈಲ ಹುಡುಕುವುದೂ ಇಲ್ಲಿಯೇ. ಎಂದರೆ ಇಕ್ತಿಯೋಸಾರ್ ಕಾಲದಲ್ಲಿ ಹದಿನಾರಿನವರಿಗೆ (ಇದ್ದಿದ್ದರೆ!) ಹತ್ತಿರದ ಕಡಲು ಪಡುವಣದ್ದಲ್ಲ, ಮೂಡಣದ್ದು. ಈ ಮಾತಿಗೆ ಮತ್ತೊಂದು ಆಕ್ಷೇಪ ಬರುತ್ತದೆ: ಆಗ ಕಾವೇರಿ ಎಲ್ಲಿತ್ತು, ಕಪಿಲೆ ಎಲ್ಲಿತ್ತು? ಒಪ್ಪಿದೆ. ಇಂದಿನ ತಿರುವುಗಳು, ಶಿವನಸಮುದ್ರದ ಧುಮುಕು, ನರಸೀಪುರದ ಸಂಗಮ ಇವನ್ನೆಲ್ಲ ಅಷ್ಟು ಹಿಂದಕ್ಕೆ ಒಯ್ಯುವಂತಿಲ್ಲ. ನದಿಯ ಹೆಸರೂ ಹಾದಿಯೂ ನನ್ನ ವಾದಕ್ಕೆ ಬೇಕಾಗಿಯೂ ಇಲ್ಲ. ಬೇಕಾದದ್ದು ಎತ್ತರದ ನೆಲ ಮತ್ತು ಪೂರ್ವದ ತಗ್ಗು, ಎರಡೇ. ಹದಿನಾರಿನದೇ ಮರಳಿನ ಕಾಳು ಆ ಎಲುಬನ್ನು ಮುಚ್ಚಿತು ಎಂದು ಹೇಳುವುದು ಊರಭಿಮಾನವಾದೀತು. ಸವೆಯುವ ನೆಲ ಇಲ್ಲದೆ ಮುಚ್ಚುವ ಕೆಸರು ಇಲ್ಲ, ಕೆಸರು ಇಲ್ಲದೆ ಪಳೆಯುಳಿಕೆ ಇಲ್ಲ ಎನ್ನುವುದು ಅಭಿಮಾನದ ಮಾತಲ್ಲ.

ಕಡಲಲ್ಲಿ ಸತ್ತ ಪ್ರಾಣಿಯ ಗತಿ ಸಾಮಾನ್ಯವಾಗಿ ಏನು? ಮೀನು, ಏಡಿ, ಹುಳು ಅದನ್ನು ಮುಗಿಸುತ್ತವೆ. ಉಳಿದ ಎಲುಬು ಕರಗುತ್ತದೆ. ಬೇಗ ಮುಚ್ಚಿಹೋದರೆ ಮಾತ್ರ ಉಳಿಗಾಲ. ನರಸೀಪುರ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ತಲಕಾಡು ಕಣ್ಣೆದುರಿಗಿದೆ. ವಿಷ್ಣುವರ್ಧನನ ಕಾಲದ ಕೀರ್ತಿನಾರಾಯಣ ಗುಡಿಯನ್ನು ಹೂತ ಮರಳೇ ಅದನ್ನು ಕಾದಿಟ್ಟಿತು. ಊಟ್ಟತ್ತೂರು ಕಡಲಿನ ತಳದಲ್ಲಿ ಆದದ್ದೂ ಅದೇ, ಮರಳಿನ ಬದಲು ನಯವಾದ ಜೇಡಿಯಿಂದ. ಕಾರೈಯ ಜೇಡಿ ಇಂದು ಜಿಪ್ಸಮ್ ಎಳೆಗಳು, ಫಾಸ್ಫೇಟ್ ಗಂಟುಗಳು, ಬೆರಳಿನಂಥ ಬೆಲೆಮ್ನೈಟ್ ಕಲ್ಲುಗಳಿಂದ ತುಂಬಿ, ಮಳೆಗೆ ಕೊರೆದು ಕೊರಕಲಾಗಿದೆ. ಬೆಲೆಮ್ನೈಟ್ ಎಂದರೆ ಕಣವೆಮೀನಿನ ದೂರದ ನೆಂಟ. ಇಕ್ತಿಯೋಸಾರ್‌ಗಳ ಹೊಟ್ಟೆಯಲ್ಲಿ ಅದರ ಕೊಕ್ಕೆಗಳು ಸಿಕ್ಕಿರುವುದರಿಂದ ಅದು ಅವುಗಳ ಆಹಾರವಾಗಿತ್ತೆಂದು ಗೊತ್ತು. ಉಂಡವನೂ ಊಟವೂ ಒಂದೇ ಜೇಡಿಯಲ್ಲಿ. ಆ ಜೇಡಿ ಏನು? ನೆಲದ ಮೇಲಿನ ನೈಸ್, ಗ್ರಾನೈಟ್‌ಗಳ ಫೆಲ್ಡ್‌ಸ್ಪಾರ್ ಮಳೆಗೆ ಕೊಳೆತು ಹೊಳೆಯಲ್ಲಿ ಹೋದದ್ದು. ನಂಜನಗೂಡಿನ ಯಾವ ಕಲ್ಲುಗಣಿಯಲ್ಲಾದರೂ ಗಟ್ಟಿಬಂಡೆಯ ಮೇಲೆ ಮೃದುವಾಗಿ ಪುಡಿಯಾಗುವ ಪದರ ಕಾಣುತ್ತದಲ್ಲ, ಆ ಕೆಲಸ ಇನ್ನೂ ನಡೆಯುತ್ತಿದೆ. ನೆಲದಾಳದಲ್ಲಿ ಬೆಂದ ಕಲ್ಲು ಇಂದು ಹೊಲದ ಮಟ್ಟದಲ್ಲಿ ಕಾಣಬೇಕಾದರೆ ಅದರ ಮೇಲಿದ್ದ ಅಷ್ಟೂ ದಪ್ಪ ಎಲ್ಲಿಗೋ ಹೋಗಿರಬೇಕು. ಬಹುಪಾಲು ಇಕ್ತಿಯೋಸಾರ್‌ಗಿಂತ ಎಷ್ಟೋ ಮೊದಲೇ ಹೋಯಿತು, ನಿಜ. ಆದರೆ ಹೋಗುವುದು ನಿಂತಿರಲಿಲ್ಲ.

ಈ ನೆಲ–ಕಡಲಿನ ಕೊಡುಕೊಳ್ಳುವಿಕೆಯನ್ನು ಒಂದು ಜಗಳ ಚೆನ್ನಾಗಿ ತೋರಿಸುತ್ತದೆ. 1979ರಲ್ಲಿ ಪಿ. ಯಾದಗಿರಿ ಮತ್ತು ಕೆ. ಅಯ್ಯಸಾಮಿ ಅವರು ತಿರುಚಿರಾಪಳ್ಳಿ ಗುಂಪಿನ ಪದರಿನಿಂದ 'ದ್ರವಿಡೋಸಾರಸ್ ಬ್ಲಾನ್‌ಫರ್ಡಿ' ಎಂಬ ಹೊಸ ಕುಲವನ್ನು ಸಾರಿದರು. ಬೆನ್ನಮೇಲೆ ಫಲಕಗಳಿರುವ ಸ್ಟೆಗೋಸಾರ್ ವರ್ಗದ ಡೈನೋಸಾರ್ ಎಂದರು. ಲೇಖನ ಅಚ್ಚಾದದ್ದು ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ಪತ್ರಿಕೆಯಲ್ಲಿ. ನಮ್ಮ ಬಿ.ಪಿ. ರಾಧಾಕೃಷ್ಣ ಬೆಂಗಳೂರಿನಲ್ಲಿ ಕಟ್ಟಿ ಬೆಳೆಸಿದ ಸಂಸ್ಥೆ ಅದು. 1990ರ ದಶಕದಲ್ಲಿ ಶಂಕರ ಚಟರ್ಜಿ ಅದನ್ನು ಒಪ್ಪಲಿಲ್ಲ. ಇದು ನೆಲದ ಪ್ರಾಣಿಯೇ ಅಲ್ಲ, ಪ್ಲೀಸಿಯೋಸಾರ್ ಎಂಬ ಉದ್ದಕತ್ತಿನ ಕಡಲ ಸರೀಸೃಪದ ಎಲುಬು ಎಂದರು. 2017ರಲ್ಲಿ ಪೀಟರ್ ಗಾಲ್ಟನ್ ಜೊತೆ ಅಯ್ಯಸಾಮಿ ಮತ್ತೆ ಹಳೆಯ ಪಟ್ಟಿಗೇ ನಿಂತರು. ಯಾರು ಗೆದ್ದರೂ ನನ್ನ ವಾದಕ್ಕೆ ನಷ್ಟವಿಲ್ಲ. ಅದು ಪ್ಲೀಸಿಯೋಸಾರ್ ಆಗಿದ್ದರೆ ಇಕ್ತಿಯೋಸಾರ್ ಅಳಿದ ಮೇಲೂ ಆ ಕಡಲು ಸರೀಸೃಪಗಳಿಗೆ ಮನೆಯಾಗಿತ್ತು. ಸ್ಟೆಗೋಸಾರ್ ಆಗಿದ್ದರೆ, ಪಶ್ಚಿಮದ ನೆಲದಲ್ಲಿ ಮೇಯ್ದ ಪ್ರಾಣಿಯ ಹೆಣ ಹೊಳೆಯಲ್ಲಿ ತೇಲಿ ಕಡಲ ಕೆಸರಿಗೆ ಇಳಿಯಿತು, ಸಾತನೂರಿನ ಮರ ಇಳಿದಂತೆ.

ಕಚ್ಛಿನ ಲೋಡಾಯ್ ಊರಿನ ಬಳಿ ಜಿ.ವಿ.ಆರ್. ಪ್ರಸಾದ್ ಮತ್ತು ಸಂಗಡಿಗರಿಗೆ ಸುಮಾರು ಐದೂವರೆ ಮೀಟರ್ ಉದ್ದದ, ಬಹುತೇಕ ಪೂರ್ತಿ ಇಕ್ತಿಯೋಸಾರ್ ಸಿಕ್ಕ ಸುದ್ದಿ 2017ರಲ್ಲಿ ಪ್ರಕಟವಾಯಿತು. ಅದು ಸುಮಾರು 15 ಕೋಟಿ ವರ್ಷ ಹಳೆಯದು. ಊಟ್ಟತ್ತೂರು ಪದರಿನಲ್ಲಿ ಅಂಥ ಇಡೀ ಅಸ್ಥಿಪಂಜರ ಸಿಕ್ಕರೆ ಲಿಡೆಕ್ಕರನ ಪ್ರಭೇದದ ವ್ಯಾಜ್ಯ ತೀರೀತು. ಅಲ್ಲಿಯವರೆಗೆ ನಂಜನಗೂಡು, ನರಸೀಪುರದ ಜನ ಆ ಯುಗದ ಕಡಲಜೀವಿಯನ್ನು ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಎಷ್ಟೋ ಮನೆಗಳ ದೇವರಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ನೇಪಾಳದ ಗಂಡಕಿಯಿಂದ ಬಂದ, ಜುರಾಸಿಕ್ ಕಡಲಿನ ಅಮ್ಮೊನೈಟ್ ಪಳೆಯುಳಿಕೆ, ಇಕ್ತಿಯೋಸಾರ್‌ನ ಸಮಕಾಲೀನ. ಭಕ್ತಿಗೆ ಇದರಿಂದ ಕುಂದು ಬರಬೇಕಾದ್ದೇನೂ ಇಲ್ಲ.

ಪೆರಂಬಲೂರು, ಅರಿಯಲೂರು ಕಡೆ ಪ್ರವಾಸ ಹೋಗುವ ಶಾಲೆ, ಕಾಲೇಜುಗಳ ಮೇಷ್ಟರುಗಳಿಗೆ ಒಂದು ಕೋರಿಕೆ. ಕಾರೈಯ ಕೊರಕಲಿನಲ್ಲಿ ಕಾಲಿಗೆ ತಾಕುವ ಚಿಪ್ಪು, ಹಲ್ಲು, ಬಿಲ್ಲೆಗಳನ್ನು ಮಕ್ಕಳು ಜೇಬಿಗಿಳಿಸದಂತೆ ನೋಡಿಕೊಳ್ಳಿ. ಯಾವ ಪದರಿನಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಎಂಬ ಗುರುತು ಹೋದರೆ ಅದು ಬರಿಯ ಕಲ್ಲು. ಅರಿಯಲೂರಿನ ಸುಣ್ಣಕಲ್ಲು ಸಿಮೆಂಟಾಗಿ ಲಾರಿಗಳಲ್ಲಿ ಹೋಗುತ್ತಲೇ ಇದೆ. ಭೂಪರಂಪರೆಯ ತಾಣಗಳನ್ನು ಕಾಯುವ ಕರಡು ಮಸೂದೆಯನ್ನು ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಜನರ ಮುಂದಿಟ್ಟಿತ್ತು. ಕಾನೂನು ಏನೇ ಹೇಳಲಿ, ಕಂಡದ್ದರ ಫೋಟೋ ತೆಗೆದು, ಜಾಗ ಬರೆದುಕೊಂಡು, ವಾರಣವಾಸಿಯಲ್ಲಿರುವ ಪಳೆಯುಳಿಕೆ ಸಂಗ್ರಹಾಲಯದವರಿಗೆ ತಿಳಿಸಿ ಬರುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.