ಒಂದೇ ರೂಮಿನಲ್ಲಿ ಮೂರು ಬ್ಯಾಚ್

ಹಾಸ್ಟೆಲ್ ಮೆಸ್‌ನಲ್ಲಿ ಹತ್ತು ನಿಮಿಷ ಕೂತರೆ ಯಾರು ಫ್ರೆಶರ್, ಯಾರು ಫೈನಲ್ ಇಯರ್ ಅಂತ ಗೊತ್ತಾಗಿಬಿಡುತ್ತೆ. ನಕ್ಷತ್ರಗಳಲ್ಲೂ ಹೀಗೆ ಬ್ಯಾಚ್ ಗುರುತಿಸಬಹುದು!

1778ರಲ್ಲಿ ಚಾರ್ಲ್ಸ್ ಮೆಸಿಯೇ ಧನು ರಾಶಿಯ ದಿಕ್ಕಿನಲ್ಲಿ ಒಂದು ಮಸುಕಾದ ಚುಕ್ಕೆ ನೋಡಿದರು. ಹೆಸರು ಎಂ54. ನಮ್ಮ ಕ್ಷೀರಪಥದ್ದೇ ಒಂದು ನಕ್ಷತ್ರಗುಚ್ಛ ಅಂತ ಬಹಳ ಕಾಲ ಅಂದುಕೊಂಡಿದ್ದರು. 1994ರಲ್ಲಿ ಅದೇ ದಿಕ್ಕಿನಲ್ಲಿ ಒಂದು ಕುಬ್ಜ ಗ್ಯಾಲಕ್ಸಿ ಸಿಕ್ಕಿತು. ಎಂ54 ಇರೋದು ಅದರ ನಟ್ಟನಡುವೆ.

ಬ್ಯಾಚ್ ಕಂಡುಹಿಡಿಯೋದು ಹೇಗೆ? ಎರಡು ಸುಳಿವು. ಒಂದು, ದೊಡ್ಡ ನಕ್ಷತ್ರಗಳು ಹೈಡ್ರೋಜನ್ ಬೇಗ ಖಾಲಿ ಮಾಡಿಕೊಳ್ಳುತ್ತವೆ. ಗುಂಪಿನಲ್ಲಿ ಇನ್ನೂ ಎಷ್ಟು ದೊಡ್ಡವು ಉಳಿದಿವೆ ಅಂತ ನೋಡಿದರೆ ವಯಸ್ಸು ತಿಳಿಯುತ್ತೆ. ಎರಡು, ಕಬ್ಬಿಣ. ಹಳೇ ನಕ್ಷತ್ರಗಳು ಸಿಡಿದು ಕಬ್ಬಿಣವನ್ನು ಅನಿಲಕ್ಕೆ ಸೇರಿಸುತ್ತವೆ, ಹಾಗಾಗಿ ಮುಂದಿನ ಬ್ಯಾಚ್‌ನಲ್ಲಿ ಕಬ್ಬಿಣ ಜಾಸ್ತಿ. ಅದನ್ನು ಬೆಳಕಿನ ಸ್ಪೆಕ್ಟ್ರಮ್ ಹೇಳುತ್ತೆ.

ಚಿಲಿಯಲ್ಲಿರುವ ವೆರಿ ಲಾರ್ಜ್ ಟೆಲಿಸ್ಕೋಪ್‌ನ ಮ್ಯೂಸ್ ಉಪಕರಣ ಚಿತ್ರದ ಪ್ರತಿ ಪಿಕ್ಸೆಲ್‌ಗೂ ಒಂದು ಸ್ಪೆಕ್ಟ್ರಮ್ ಕೊಡುತ್ತೆ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಂ54ರ 6,600ಕ್ಕೂ ಹೆಚ್ಚು ನಕ್ಷತ್ರಗಳನ್ನು ಹೀಗೆ ಪರೀಕ್ಷಿಸಿದರು. ಸಿಕ್ಕಿದ್ದು ಮೂರು ಬ್ಯಾಚ್: ಸುಮಾರು 1,220 ಕೋಟಿ, 430 ಕೋಟಿ ಮತ್ತು 220 ಕೋಟಿ ವರ್ಷದವು. ಹಳೇ ಬ್ಯಾಚ್‌ನಲ್ಲಿ ಕಬ್ಬಿಣದ ಪ್ರಮಾಣ ಸೂರ್ಯನ 25ನೇ ಒಂದು ಭಾಗ ಮಾತ್ರ. ಕಿರಿಯ ಬ್ಯಾಚ್‌ನಲ್ಲಿ ಹೆಚ್ಚುಕಮ್ಮಿ ಸೂರ್ಯನಷ್ಟೇ.

ಇವೆಲ್ಲ ಒಂದೇ ಕಡೆ ಸೇರಿದ್ದು ಹೇಗೆ? ಹಳೆಯವು ಹೊರಗೆ ಹುಟ್ಟಿದ ಗುಚ್ಛಗಳಾಗಿದ್ದು, ಗುರುತ್ವದ ಎಳೆತಕ್ಕೆ ನಿಧಾನವಾಗಿ ಕೇಂದ್ರಕ್ಕೆ ಇಳಿದು ಬೆರೆತಿರಬೇಕು. ಕಿರಿಯವು ಕೇಂದ್ರದಲ್ಲೇ ಹೆಚ್ಚು ದಟ್ಟವಾಗಿವೆ, ಹೆಚ್ಚು ವೇಗವಾಗಿ ಸುತ್ತುತ್ತಿವೆ. ಅಂದರೆ ಒಳಗೆ ಹರಿದುಬಂದ ಅನಿಲದಿಂದ ಅಲ್ಲೇ ಹುಟ್ಟಿದವು. ವಿಜ್ಞಾನಿಗಳು ಚರ್ಚಿಸುತ್ತಿದ್ದ ಎರಡೂ ದಾರಿಗಳು ಒಂದೇ ಜಾಗದಲ್ಲಿ ಕಾಣಿಸಿದವು.

ಇದು ಯಾಕೆ ಮುಖ್ಯ ಅಂದ್ರೆ, ಆ ಗ್ಯಾಲಕ್ಸಿಯನ್ನು ನಮ್ಮ ಕ್ಷೀರಪಥ ಈಗ ಹರಿದು ನುಂಗುತ್ತಿದೆ. ಹೊರಗಿನ ನಕ್ಷತ್ರಗಳು ಚದುರಿಹೋದ ಮೇಲೂ ದಟ್ಟವಾದ ಈ ನಡುಭಾಗ ಉಳಿಯಬಹುದು. ಆಗ ಆ ಗ್ಯಾಲಕ್ಸಿಯ ಚರಿತ್ರೆ ಓದೋಕೆ ಇರೋದು ಈ ಮೂರು ಬ್ಯಾಚ್ ಮಾತ್ರ.

ಒಮೇಗಾ ಸೆಂಟಾರಿ ಕೂಡ ಹಾಗೆ ಹಿಂದೆಯೇ ನುಂಗಿಹೋದ ಗ್ಯಾಲಕ್ಸಿಯ ನಡುಭಾಗ ಅಂತ ಅನೇಕ ವಿಜ್ಞಾನಿಗಳು ನಂಬುತ್ತಾರೆ. ಅದನ್ನು ನೋಡೋಕೆ ನಮಗೆ ಚಿಲಿ ಬೇಡ. ಮೇ ತಿಂಗಳ ಮಧ್ಯದಲ್ಲಿ ರಾತ್ರಿ ಹತ್ತರ ಸುಮಾರಿಗೆ, ಊರಿನ ದೀಪಗಳಿಂದ ದೂರ ಹೋಗಿ ದಕ್ಷಿಣಕ್ಕೆ ನೋಡಿ. ಕೆಳಗೆ, ಮಬ್ಬು ನಕ್ಷತ್ರದ ಹಾಗೆ ಬರಿಗಣ್ಣಿಗೇ ಕಾಣುತ್ತೆ. ಸೆಮಿಸ್ಟರ್ ಎಕ್ಸಾಮ್ ಇದ್ದರೂ ಒಂದು ರಾತ್ರಿ ಹೋಗಿಬನ್ನಿ.