ನಿಮಗಿದು ಗೊತ್ತೆ? ಎತ್ತರದಲ್ಲಿ ಎಂಜಿನ್ ಏಕೆ ಬಳಲುತ್ತದೆ
ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ನು ಗಾಳಿಯನ್ನು ಎಷ್ಟು ಪಾಲು ಕುಗ್ಗಿಸಬೇಕೆಂಬುದು, ಅಂದರೆ ಕಂಪ್ರೆಷನ್ನಿನ ಪ್ರಮಾಣವು, ಯಂತ್ರದ ರಚನೆಯಿಂದಲೇ ನಿಶ್ಚಿತವಾದುದರಿಂದ ಸಮುದ್ರತೀರದಲ್ಲಿಯೂ ಗಿರಿಶಿಖರದಲ್ಲಿಯೂ ಅದು ಒಂದೇ. ಆದರೆ ಮೇಲೇರಿದಂತೆಲ್ಲ ಗಾಳಿಯೇ ವಿರಳವಾಗುವ ಕಾರಣ, ಕಂಪ್ರೆಷನ್ನಿನ ಅಂತ್ಯದಲ್ಲಿ ಲಭಿಸುವ ಒತ್ತಡವೂ ಅದರೊಡನೆ ಎಂಜಿನ್ನಿನ ಬಲವೂ ಕುಂದುತ್ತವೆ. ಸುಮಾರು 5,500 ಮೀಟರ್ ಎತ್ತರದಲ್ಲಿ ವಾಯುಭಾರವು ಸಮುದ್ರಮಟ್ಟದ ಅರ್ಧದಷ್ಟೇ.

ಈ ಕೊರತೆಯನ್ನು ನೀಗುವ ಉಪಾಯವನ್ನು ಪರೀಕ್ಷಿಸಲೆಂದು 1918ರಲ್ಲಿ ಅಮೆರಿಕದ ಎಂಜಿನಿಯರ್ ಸ್ಯಾನ್‌ಫರ್ಡ್ ಮಾಸ್ ಅವರು ವಿಮಾನದ ಲಿಬರ್ಟಿ ಎಂಬ ಎಂಜಿನ್ನನ್ನು ಕೊಲೊರಾಡೊ ಪ್ರಾಂತದ ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಶಿಖರಕ್ಕೆ ಲಾರಿಯಲ್ಲಿ ಸಾಗಿಸಿದರು. ಕೆಳಗೆ 350 ಅಶ್ವಶಕ್ತಿಯನ್ನೀಯುತ್ತಿದ್ದ ಆ ಯಂತ್ರವು ಮೇಲೆ 230ಕ್ಕೆ ಕುಸಿಯಿತು. ಹೊರಬೀಳುವ ಹೊಗೆಯ ರಭಸದಿಂದಲೇ ತಿರುಗಿ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಸಾಧನವನ್ನು ಜೋಡಿಸಲಾಗಿ 356ಕ್ಕೇರಿತು! ವ್ಯರ್ಥವಾಗಿ ಹೋಗುತ್ತಿದ್ದ ಶಕ್ತಿಯಿಂದ ಇಷ್ಟು ಲಾಭ ಪಡೆದುದು ಜಾಣತನವೇ ಸರಿ.

ಸುಮಾರು 3,500 ಮೀಟರ್ ಎತ್ತರದ ಲೇಹ್ ಪಟ್ಟಣದಲ್ಲಿ ನಿಮ್ಮ ಬೈಕಿನ ಸಿಲಿಂಡರಿನೊಳಗಿನ ಈ ಒತ್ತಡವನ್ನಳೆಯುವ ಕಂಪ್ರೆಷನ್ ಗೇಜು ಮಂಗಳೂರಿನಲ್ಲಿ ತೋರುವುದಕ್ಕಿಂತ ಮೂರರಲ್ಲೊಂದು ಪಾಲು ಕಡಿಮೆ ತೋರಿಸಿದರೆ, ಅದು ವಿರಳ ಗಾಳಿಯ ಪರಿಣಾಮ; ಪಿಸ್ಟನ್ ರಿಂಗು ಸವೆದಿದೆಯೆಂದು ಅವಸರಪಟ್ಟು ಎಂಜಿನ್ ಬಿಚ್ಚಿಸದಿರಿ.