ಹಲವು ಪಾತ್ರಗಳ ಕಥೆಯಲ್ಲಿ ಬೆಳಕು ಯಾರ ಮೇಲೆ?

ಪುಣೆಯ ಲಾ ಕಾಲೇಜು ರಸ್ತೆಯಲ್ಲಿ, ಹಿಂದೆ ಪ್ರಭಾತ್ ಫಿಲ್ಮ್ ಕಂಪನಿಯ ಸ್ಟುಡಿಯೊ ಇದ್ದ ಆವರಣದಲ್ಲಿ, 1960ರಲ್ಲಿ ಸ್ಥಾಪನೆಯಾದ ಚಲನಚಿತ್ರ ಸಂಸ್ಥೆಯು ಭಾರತೀಯ ಸಿನಿಮಾಕ್ಕೆ ಕೊಟ್ಟ ನಿರ್ದೇಶಕರ ಹೆಸರುಗಳು ಎಲ್ಲರಿಗೂ ಗೊತ್ತಿವೆ. ಅಲ್ಲಿ ಕಲಿತವರು ಕಿರುತೆರೆಗೆ ಕೊಟ್ಟದ್ದು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ದೆಹಲಿಯಲ್ಲಿದ್ದ ಟೆಲಿವಿಷನ್ ತರಬೇತಿ ವಿಭಾಗವು 1974ರಲ್ಲಿ ಇಲ್ಲಿಗೆ ಬಂದಿತು. ಅದೇ ದಶಕದಲ್ಲಿ ಇಲ್ಲಿ ಸಿನಿಮಾ ಕಲಿತ ಕುಂದನ್ ಶಾ ಮತ್ತು ಸಯೀದ್ ಅಖ್ತರ್ ಮಿರ್ಜಾ ಅವರು 1986ರಲ್ಲಿ ದೂರದರ್ಶನಕ್ಕಾಗಿ ನಿರ್ದೇಶಿಸಿದ ‘ನುಕ್ಕಡ್’, ಪಾತ್ರಸಮೂಹದ ಧಾರಾವಾಹಿ ಎಂದರೆ ಏನೆಂಬುದನ್ನು ತಿಳಿಯಲು ಇಂದಿಗೂ ಒಳ್ಳೆಯ ಪಠ್ಯವಾಗಿದೆ. ಒಬ್ಬ ನಾಯಕ ಅಥವಾ ನಾಯಕಿಯ ಸುತ್ತ ಕಥೆ ಹೆಣೆಯದೆ, ಹೆಚ್ಚುಕಡಿಮೆ ಸಮಾನ ತೂಕದ ಹಲವು ಪಾತ್ರಗಳ ಸಂಬಂಧಗಳನ್ನೇ ಕಥೆಯನ್ನಾಗಿಸುವ ಧಾರಾವಾಹಿಯನ್ನು ಇಲ್ಲಿ ಹಾಗೆ ಕರೆಯಲಾಗಿದೆ.

ಮುಂಬಯಿಯ ಒಂದು ಬೀದಿಮೂಲೆಯಲ್ಲಿ ಎಲೆಕ್ಟ್ರಿಷಿಯನ್ ಗುರು, ಸೈಕಲ್ ಅಂಗಡಿಯ ಹರಿ, ಹೋಟೆಲಿನ ಖಾದರ್‌ಭಾಯಿ, ಮನೆಗೆಲಸದ ರಾಧಾ, ಟೀಚರ್‌ಜೀ, ಭಿಕ್ಷುಕ ಘನ್ಶು, ಕುಡುಕ ಖೋಪ್ಡಿ ಇವರೆಲ್ಲ ಸೇರುತ್ತಾರೆ. ಇವರಲ್ಲಿ ಒಬ್ಬೊಬ್ಬರ ಸಂಕಟ ಸರದಿಯಂತೆ ಮುಂದೆ ಬರುತ್ತದೆ, ಉಳಿದವರು ಅದಕ್ಕೆ ತಮ್ಮ ತಮ್ಮ ಸ್ವಭಾವದಂತೆ ಸ್ಪಂದಿಸುತ್ತಾರೆ. ಸಮೀರ್ ಖಖ್ಖರ್ ಅಭಿನಯಿಸಿದ ಖೋಪ್ಡಿಯನ್ನು ಜನ ಅಪಾರವಾಗಿ ಮೆಚ್ಚಿಕೊಂಡರು, ಎಷ್ಟೆಂದರೆ ಆ ನಟರನ್ನು ಮುಂದೆ ದಶಕಗಳ ಕಾಲ ಅದೇ ಹೆಸರಿನಿಂದ ಗುರುತಿಸಲಾಯಿತು. ಹೀಗೆ ಒಂದು ಪಾತ್ರ ಉಳಿದವುಗಳ ಮೇಲೆ ನೆರಳು ಚಾಚುವಷ್ಟು ಬೆಳೆದಾಗಲೂ ಧಾರಾವಾಹಿ ಖೋಪ್ಡಿಯ ಕಥೆಯಾಗಲಿಲ್ಲ, ಏಕೆಂದರೆ ಅವನ ಹಾಸ್ಯ ಮತ್ತು ದುಃಖ ಎರಡಕ್ಕೂ ಆ ಬೀದಿಮೂಲೆಯ ಮಂದಿಯೇ ಆಧಾರವಾಗಿದ್ದರು. ಗುರುವೂ ಖಾದರ್‌ಭಾಯಿಯೂ ಎದುರಿಗಿಲ್ಲದ ಖೋಪ್ಡಿ ಬರಿಯ ಕುಡುಕನಾಗಿಬಿಡುತ್ತಿದ್ದ. ಸಮತೋಲನವೆಂದರೆ ನಿಮಿಷಗಳ ಸಮಪಾಲು ಎಂದು ಭಾವಿಸುವವರು ಗಮನಿಸಬೇಕಾದ ಅಂಶ ಇದು: ಒಂದು ಪಾತ್ರ ಎಷ್ಟು ಹೊತ್ತು ತೆರೆಯ ಮೇಲಿತ್ತು ಎಂಬುದಕ್ಕಿಂತ, ಅದರ ನಡೆಯಿಂದ ಇನ್ನೊಬ್ಬರ ಬದುಕಿನಲ್ಲಿ ಏನು ಬದಲಾಯಿತು ಎಂಬುದೇ ಮುಖ್ಯ.

ವೀಕ್ಷಕರ ಆಕ್ಷೇಪ ಇಂದಿನ ಜಾಲತಾಣಗಳ ಕೊಡುಗೆಯೇನಲ್ಲ. ಮನೋಹರ ಶ್ಯಾಮ್ ಜೋಶಿ ಬರೆದ ‘ಹಮ್ ಲೋಗ್’ 1984–85ರಲ್ಲಿ ಪ್ರಸಾರವಾಗುತ್ತಿದ್ದಾಗ, ಮನೆಯ ಹಿರಿಮಗಳು ಬಡಕಿ ಯಾರನ್ನು ಮದುವೆಯಾಗಬೇಕು, ಯಾವಾಗ ಮನಸ್ಸು ಗಟ್ಟಿ ಮಾಡಬೇಕು ಎಂದು ಸಲಹೆ ಕೊಡುವ ಕಾಗದಗಳು ರಾಶಿರಾಶಿಯಾಗಿ ಬಂದವು. ಮೆಕ್ಸಿಕೊದ ಮಾದರಿಯನ್ನು ಅನುಸರಿಸಿ, ಮನರಂಜನೆಯ ಮೂಲಕ ಕುಟುಂಬ ಯೋಜನೆ ಮತ್ತು ಸ್ತ್ರೀಸಮಾನತೆಯ ತಿಳಿವಳಿಕೆ ಕೊಡುವುದು ಆ ಧಾರಾವಾಹಿಯ ಉದ್ದೇಶವಾಗಿತ್ತು. ಆರಂಭದ ಕಂತುಗಳಲ್ಲಿ ಉಪದೇಶ ಹೆಚ್ಚಾಯಿತೆಂದು ನೋಡುಗರು ಬೇಸರಗೊಂಡ ಮೇಲೆ ಕಥೆಯ ಒತ್ತು ಕುಟುಂಬದ ಸಂಬಂಧಗಳತ್ತ ತಿರುಗಿತು. ಇಲ್ಲಿ ಟೀಕೆ ಕೃತಿಗೆ ಉಪಕಾರವನ್ನೇ ಮಾಡಿತು. ಆದರೆ ಎಲ್ಲವನ್ನೂ ಸಹಿಸುವ ತಾಯಿ ಭಾಗವಂತಿಯನ್ನು ಲೇಖಕರು ಅನುಸರಿಸಬಾರದ ಮಾದರಿಯಾಗಿ ಚಿತ್ರಿಸಿದ್ದರೂ ಅನೇಕ ವೀಕ್ಷಕರು ಆಕೆಯನ್ನೇ ಆದರ್ಶವೆಂದು ಭಾವಿಸಿದರೆಂಬುದು ಸಂಶೋಧಕರ ಗಮನಕ್ಕೆ ಬಂದಿತು; ಯಾವ ಪಾತ್ರಕ್ಕೆ ಒತ್ತು ಕೊಡಬೇಕೆಂಬುದು ಬರೆಯುವವರ ಕೈಯಲ್ಲಿದ್ದರೂ ಯಾರನ್ನು ಹಚ್ಚಿಕೊಳ್ಳಬೇಕೆಂಬುದು ನೋಡುವವರಿಗೇ ಬಿಟ್ಟದ್ದು.

ಕೇಳಿದ್ದನ್ನು ಕೊಟ್ಟರೆ ಆಗುವ ಅನಾಹುತಕ್ಕೆ ಅಮೆರಿಕದ ‘ಲಾಸ್ಟ್’ ಪ್ರಸಿದ್ಧ ನಿದರ್ಶನ. ದ್ವೀಪವೊಂದರಲ್ಲಿ ವಿಮಾನ ಅಪಘಾತದಿಂದ ಬದುಕುಳಿದವರಲ್ಲಿ ಕೆಲವರ ಕಥೆಯನ್ನಷ್ಟೇ ಹೇಳಲಾಗುತ್ತಿದೆ, ಹಿಂದೆ ನಿಂತಿರುವ ಉಳಿದವರು ಯಾರು ಎಂದು ಅಭಿಮಾನಿಗಳು ಕೇಳುತ್ತಿದ್ದುದರಿಂದ, 2006ರಲ್ಲಿ ನಿಕಿ ಮತ್ತು ಪೌಲೊ ಎಂಬ ಇಬ್ಬರನ್ನು ಮೊದಲಿನಿಂದಲೂ ಅಲ್ಲಿಯೇ ಇದ್ದವರಂತೆ ತಂದು ನಿಲ್ಲಿಸಲಾಯಿತು. ಯಾರೊಂದಿಗೂ ಬೆಸುಗೆಯಿಲ್ಲದ ಆ ಇಬ್ಬರನ್ನು ನೋಡುಗರು ಒಪ್ಪಲೇ ಇಲ್ಲ, ಮರುವರ್ಷ ಇಬ್ಬರನ್ನೂ ಜೀವಂತ ಹೂಳಿ ಕಥೆಯಿಂದ ಹೊರಗೆ ಹಾಕಲಾಯಿತು. ಕೊರತೆಯನ್ನು ಗುರುತಿಸುವಲ್ಲಿ ಅಭಿಮಾನಿಗಳು ತಪ್ಪುವುದು ಅಪರೂಪ. ಅವರು ಸೂಚಿಸುವ ಪರಿಹಾರ ಸರಿಯಿರುವುದೂ ಅಷ್ಟೇ ಅಪರೂಪ.

ಕನ್ನಡದಲ್ಲಿ ಈ ವಿಷಯಕ್ಕೆ ಎರಡು ಭಿನ್ನ ಮುಖಗಳಿವೆ. ಪುಣೆಯ ಇದೇ ಸಂಸ್ಥೆಯಲ್ಲಿ ಕಲಿತ ಗಿರೀಶ ಕಾಸರವಳ್ಳಿಯವರು ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಧಾರಾವಾಹಿಯಾಗಿಸಿದಾಗ ನಂಜಮ್ಮ, ಗಂಗಮ್ಮ, ಚೆನ್ನಿಗರಾಯ, ಅಪ್ಪಣ್ಣಯ್ಯ ಇವರಲ್ಲಿ ಯಾರಿಗೆ ಎಷ್ಟು ಜಾಗ, ಯಾರ ಗತಿ ಏನು ಎಂಬುದನ್ನು 1970ರಲ್ಲಿ ಪ್ರಕಟವಾದ ಕಾದಂಬರಿ ಆಗಲೇ ನಿರ್ಧರಿಸಿತ್ತು, ನಂಜಮ್ಮನನ್ನು ಪ್ಲೇಗಿನಿಂದ ಉಳಿಸಿಕೊಡಿ ಎಂದು ಯಾರು ಬೇಡಿದರೂ ಉಳಿಸುವಂತಿರಲಿಲ್ಲ. ಇಂದಿನ ದೈನಿಕ ಧಾರಾವಾಹಿಗೆ ಇಂಥ ಕಟ್ಟಳೆಯಿಲ್ಲ. ಅದರ ಮುಂದಿನ ದಾರಿಯನ್ನು ಟಿಆರ್‌ಪಿ, ಅಂದರೆ ಆಯ್ದ ಮನೆಗಳ ಟಿ.ವಿ.ಗಳಿಗೆ ಅಳವಡಿಸಿದ ಮಾಪಕಗಳಿಂದ ಅಂದಾಜಿಸಿ ವಾರಕ್ಕೊಮ್ಮೆ ಪ್ರಕಟಿಸುವ ವೀಕ್ಷಣೆಯ ಪ್ರಮಾಣ, ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಜೊತೆಗೆ ಕಲಾವಿದರು ನಡುವೆಯೇ ಬಿಟ್ಟುಹೋಗುವ ಸಂಕಷ್ಟವೂ ಇದೆ. ತಾಯಿ ಮತ್ತು ಮೂವರು ಹೆಣ್ಣುಮಕ್ಕಳ ಕಥೆಯಾದ ಜೀ ಕನ್ನಡದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ನಟಿ ಹೊರಬಂದ ಕಾರಣ 2024ರಲ್ಲಿ ಸ್ನೇಹಾ ಪಾತ್ರವನ್ನು ಸಾವಿನೊಂದಿಗೆ ಮುಗಿಸಿದಾಗ ವೀಕ್ಷಕರು ಬಹಿರಂಗವಾಗಿಯೇ ಬೇಸರ ತೋಡಿಕೊಂಡರು. ಶೀರ್ಷಿಕೆ ಮಕ್ಕಳೆಲ್ಲರದಾದರೂ ಒಬ್ಬಳೇ ಮಗಳು ಕಥೆಯನ್ನು ಅಷ್ಟು ದೂರ ಹೊತ್ತು ತಂದಿದ್ದಳೆಂಬುದು ಆಗ ಸ್ಪಷ್ಟವಾಯಿತು.

ವಾರದ ಅಂಕಿ ನೋಡಿ ಮುಂದಿನ ವಾರದ ಕಥೆ ಬರೆಯುವ ಪದ್ಧತಿ ಇರುವವರೆಗೆ, ಜನಪ್ರಿಯ ಜೋಡಿಯ ದೃಶ್ಯಗಳು ಹಿಗ್ಗುವುದೂ ಅತ್ತೆ, ಮಾವ, ತಂಗಿ, ಗೆಳೆಯರು ಬಾಗಿಲಲ್ಲಿ ನಿಂತು ಮಾತು ಕದ್ದು ಕೇಳುವ ಕೆಲಸಕ್ಕೆ ಇಳಿಯುವುದೂ ತಪ್ಪುವುದಿಲ್ಲ. ಕಥೆಗೆ ಮೊದಲೇ ಒಂದು ಕೊನೆಯನ್ನು ಗೊತ್ತುಮಾಡಿಕೊಂಡು, ಅಲ್ಲಿಗೆ ತಲುಪಲು ಯಾವ ಪಾತ್ರ ಏಕೆ ಬೇಕೆಂದು ಬರೆದಿಟ್ಟುಕೊಂಡೇ ಚಿತ್ರೀಕರಣಕ್ಕೆ ಇಳಿಯುವ ಧೈರ್ಯವನ್ನು ಕನ್ನಡ ವಾಹಿನಿಗಳು ತೋರಬೇಕು. ನೋಡುಗರ ಟೀಕೆಗೆ ಉತ್ತರ ಕೊಡುವ ಅರ್ಹತೆ ಅಂಥ ಬರವಣಿಗೆಗೆ ಮಾತ್ರ ಇರುತ್ತದೆ.